ಸ್ಪೀಕರ್ ಲಾರ್ಜ್ ಇಡಬೇಕಾ, ಸ್ಮಾಲಾ? ಕ್ರಾಸ್‌ಓವರ್ ಎಷ್ಟಿರಬೇಕು?

ಮಂಗಳೂರಿನ ಫ್ಲ್ಯಾಟ್, 5 ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ ಸ್ಪೀಕರ್, ಹೊಸ ಸಬ್‌ವೂಫರ್ (ಕೆಳಗಿನ ಸ್ವರಕ್ಕೆಂದೇ ಇರುವ ಸ್ಪೀಕರ್, ಚಿಕ್ಕದಾಗಿ ಸಬ್) ಅಂತ ಬರೆದಿದ್ದೀರಿ. ಹಾಗಾದರೆ ರಿಸೀವರಿನ (ಸ್ಪೀಕರುಗಳಿಗೆ ಸದ್ದು ಹಂಚುವ ಪೆಟ್ಟಿಗೆ) ಸ್ಪೀಕರ್ ಸೆಟ್ಟಿಂಗಿನಲ್ಲಿ ಕಣ್ಣು ಮುಚ್ಚಿ ಸ್ಮಾಲ್ ಇಡಿ. ಕ್ರಾಸ್‌ಓವರ್ ಅಂದರೆ ಸ್ಪೀಕರ್ ಮತ್ತು ಸಬ್ ಸದ್ದು ಹಂಚಿಕೊಳ್ಳುವ ಗಡಿ; ಅದಕ್ಕಿಂತ ಕೆಳಗಿನ ಸದ್ದು ಸಬ್‌ಗೆ ಹೋಗುತ್ತದೆ, ಸಣ್ಣ ಸ್ಪೀಕರ್ ಒದ್ದಾಡುವುದು ತಪ್ಪುತ್ತದೆ.

80 ಹರ್ಟ್ಸ್‌ನಿಂದ ಶುರು ಮಾಡಿ. ಸ್ಪೀಕರ್ 70ರ ಕೆಳಗೆ ಇಳಿಯುವುದಿಲ್ಲ ಅಂತಾದರೆ 100 ಇಡಿ. ಅದಕ್ಕಿಂತ ಜಾಸ್ತಿ ಮಾಡಿದರೆ ಸಬ್ ಎಲ್ಲಿದೆ ಅಂತ ಕಿವಿಗೆ ಗೊತ್ತಾಗತೊಡಗುತ್ತದೆ. ಒಂದು ಯಕ್ಷಗಾನದ ರೆಕಾರ್ಡಿಂಗ್ ಹಾಕಿ ನೋಡಿ: ಭಾಗವತರ ದನಿ ಮೂಲೆಯ ಸಬ್ ಕಡೆ ಎಳೆದ ಹಾಗೆ ಕೇಳಿದರೆ ಕ್ರಾಸ್‌ಓವರ್ ಇಳಿಸಿ. ಚೆಂಡೆಯಿಂದ ಮಾತ್ರ ಪರೀಕ್ಷೆ ಮಾಡಬೇಡಿ, ಅದರ ಏಟು ಹೆಚ್ಚಾಗಿ ಮೇಲಿನ ಸ್ವರದ್ದು.

ಸಬ್‌ನ ಹಿಂದಿರುವ ಕ್ರಾಸ್‌ಓವರ್ ತಿರುಗಣೆಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿ. ಇಲ್ಲದಿದ್ದರೆ ರಿಸೀವರ್ ಒಮ್ಮೆ, ಸಬ್ ಒಮ್ಮೆ ಅಂತ ಎರಡೆರಡು ಸಲ ಸೋಸಿ ಗಡಿಯ ಹತ್ತಿರದ ಸದ್ದು ಕುಗ್ಗುತ್ತದೆ. ಆಮೇಲೆ ಫೇಸ್, ಅಂದರೆ ಸಬ್‌ನ ಅಲೆ ಸ್ಪೀಕರಿನ ಅಲೆಗೆ ಕೂಡಿಬರುವಂತೆ ಹೊಂದಿಸುವ ಸ್ವಿಚ್. ನೀವು ಕೂರುವ ಜಾಗದಲ್ಲೇ ಕೂತು, ಸ್ಪೀಕರ್ ಮತ್ತು ಸಬ್ ಎರಡರಲ್ಲೂ 80 ಹರ್ಟ್ಸ್ ಟೋನ್ ಹಾಕಿ, ಬೇರೆಯವರಿಗೆ ಅದನ್ನು 0 ಮತ್ತು 180ರ ನಡುವೆ ಬದಲಿಸಲು ಹೇಳಿ. ಯಾವುದರಲ್ಲಿ ಜೋರಾಗಿ ಕೇಳುತ್ತದೋ ಅದೇ ಸರಿ.

ಸಬ್ ಮೂಲೆಯಲ್ಲಿಟ್ಟರೆ ಗುಂಯ್ ಅನ್ನುತ್ತದೆ, ಸ್ವಲ್ಪ ಹೊರಗೆ ಎಳೆಯಿರಿ. ಲೆವೆಲ್ ಹೊಂದಿಸುವುದನ್ನು ಜಡಿಮಳೆ ನಿಂತ ಮೇಲೆ ಮಾಡಿ. ಆ ಸದ್ದಿನ ನಡುವೆ ಬೇಸ್ ಸುಮ್ನೆ ಏರಿಸುತ್ತಾ ಹೋಗುತ್ತೀರಿ. ಕೆಳಗಿನ ಮನೆಯವರಿಗೆ ಅದು ಸ್ಲ್ಯಾಬ್ ಮೂಲಕ ನೇರ ಇಳಿಯುತ್ತದೆ, ಅಲ್ವಾ?