ಅದೇ ಮನೆ, ಅದೇ ಪೆಟ್ಟು: ಅಣ್ಣ ಯಾಕೆ ಕುಸಿದರು, ತಮ್ಮ ಯಾಕೆ ಕುಸಿಯಲಿಲ್ಲ?

(ಬನಹಟ್ಟಿಯ ಓದುಗರೊಬ್ಬರು ಬರೆದ ಪತ್ರಕ್ಕೆ ಈ ಉತ್ತರ. ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು: ಮಾವ ಹಾಕಿಸಿದ ನಾಲ್ಕು ಪವರ್‌ಲೂಮ್ ಇದ್ದವು, ಅಣ್ಣನಿಗೆ ಎರಡು, ತಮ್ಮನಿಗೆ ಎರಡು. ಸೀರೆಗೆ ಗಿರಾಕಿ ಇಲ್ಲ, ನೂಲಿನ ಸಾಲ ಬೆಳೆಯಿತು, ನಾಲ್ಕೂ ನಿಂತವು. ಅದೇ ಹೊತ್ತಿಗೆ ಅತ್ತೆಗೆ ಲಕ್ವಾ ಹೊಡೆಯಿತು. ತಮ್ಮ ಆರಾಮಾಗಿ ಓಡಾಡಿಕೊಂಡಿದ್ದಾನೆ. ಅಣ್ಣ, ಅಂದರೆ ಇವರ ಯಜಮಾನರು, ಮಾತು ಬಿಟ್ಟು ಕಟ್ಟೆ ಮೇಲೆ ಕೂತುಬಿಟ್ಟಿದ್ದಾರೆ. "ನಮ್ಮವರಿಗೆ ಧೈರ್ಯ ಕಡಿಮಿ ಅಂತ ಎಲ್ಲಾರೂ ಅಂತಾರ, ಖರೇನ್ರಿ? ನೀವು ನೋಡಿದ್ರ ಹೋದ ಸಂಚಿಕೆದಾಗ ಒತ್ತಡ ಆದ್ರ ಉಸಿರು ಎಳೀರಿ, ಬಿಡ್ರಿ ಅಂತ ಬರದೀರಿ. ಉಸಿರು ಎಳಕೊಂಡ್ರ ನೂಲಿನ ಸಾಲ ತೀರತೈತೇನ್ರಿ?")

ಅಕ್ಕಾ, ನಮಸ್ಕಾರ.

ನಿಮ್ಮ ಸಿಟ್ಟಿಗೆ ಆಮೇಲೆ ಬರುತ್ತೇನೆ. ಮೊದಲು ಪತ್ರದ ಕಡೇ ಸಾಲು. ಮೊನ್ನೆ ರಾತ್ರಿ ಯಜಮಾನರು "ನಾ ಇಲ್ಲಂದ್ರ ನಿಮಗ ಚಲೋ ಆಗತೈತಿ" ಅಂದರು ಅಂತ ಬರೆದಿದ್ದೀರಿ. ಬರೆದು, "ಸುಮ್ನೆ ಬ್ಯಾಸರಕ್ಕ ಅಂದಿರಬೇಕು" ಅಂತ ನೀವೇ ಸಮಾಧಾನ ಹೇಳಿಕೊಂಡಿದ್ದೀರಿ. ಹಾಗೆ ಬಿಡಬೇಡಿ. ಇವತ್ತೇ ಪಕ್ಕದಲ್ಲಿ ಕೂತು, ಸಾಯುವ ವಿಚಾರ ಮನಸ್ಸಿಗೆ ಬರುತ್ತಾ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದ ಹಾಗಾಗುತ್ತೆ ಅನ್ನುವ ಭಯ ಬಹಳ ಜನರಿಗಿದೆ. ಹಾಗೇನೂ ಆಗುವುದಿಲ್ಲ ಅಂತ ಸಂಶೋಧನೆಗಳು ಹೇಳುತ್ತವೆ. ಕೇಳಿದ್ದಕ್ಕೆ ಎದೆ ಹಗುರ ಆಯಿತು ಅನ್ನುವವರೇ ಜಾಸ್ತಿ. ಮೈದುನನ ಮಾವನ ಮನೆಯ ಕಬ್ಬಿಗೆ ತಂದಿಟ್ಟ ಎಣ್ಣೆ (ಕೀಟನಾಶಕ) ಡಬ್ಬಿ ನಿಮ್ಮ ಹಿತ್ತಲಲ್ಲೇ ಇದೆ ಅಂತಲೂ ಬರೆದಿದ್ದೀರಿ. ಅದು ಇವತ್ತೇ ಮನೆಯಿಂದ ಆಚೆ ಹೋಗಲಿ. ಅವರನ್ನು ಒಬ್ಬರನ್ನೇ ಬಿಡಬೇಡಿ. ಟೆಲಿಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದುಡ್ಡಿಲ್ಲ, ಹಗಲೂ ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅವರು ಮಾಡಲ್ಲ ಅಂದರೆ ನೀವೇ ಮಾಡಿ. ಏನಾದರೂ ಮಾಡಿಕೊಳ್ಳುವ ಸೂಚನೆ ಕಂಡರೆ ಫೋನಿಗೂ ಕಾಯಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ಧೈರ್ಯದ ಮಾತು. ಈ ಪ್ರಶ್ನೆ ಕೇಳಿದವರಲ್ಲಿ ನೀವೇ ಮೊದಲಿನವರಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ರೂಬನ್ ಹಿಲ್ ಅನ್ನುವ ಸಮಾಜಶಾಸ್ತ್ರಜ್ಞರು, ಗಂಡ ಸೈನ್ಯಕ್ಕೆ ಹೋಗಿ ವಾಪಸ್ ಬಂದ ಮನೆಗಳನ್ನು ಅಭ್ಯಾಸ ಮಾಡಿದರು. ಎಲ್ಲರ ಮನೆಯಲ್ಲೂ ಅದೇ ಅಗಲಿಕೆ, ಆದರೆ ಕೆಲವು ಮನೆ ನಿಂತವು, ಕೆಲವು ಮುರಿದವು. ಯಾಕೆ? 1949ರಲ್ಲಿ ಬಂದ ಅವರ ಪುಸ್ತಕದ ಲೆಕ್ಕಾಚಾರಕ್ಕೆ ಎಬಿಸಿ-ಎಕ್ಸ್ ಅಂತ ಹೆಸರು ಬಿತ್ತು. ಎ ಅಂದರೆ ಬಿದ್ದ ಪೆಟ್ಟು. ಬಿ ಅಂದರೆ ಆ ಮನೆಯ ಕೈಯಲ್ಲಿ ಇರುವ ಆಸರೆ: ದುಡ್ಡು, ಬಳಗ, ಆರೋಗ್ಯ. ಸಿ ಅಂದರೆ ಮನೆಯವರು ಆ ಪೆಟ್ಟನ್ನು ಏನಂತ ತಿಳಿದುಕೊಳ್ಳುತ್ತಾರೆ ಅನ್ನೋದು. ಮೂರೂ ಕೂಡಿಯೇ ಎಕ್ಸ್, ಅಂದರೆ ಮನೆ ಕುಸಿಯುತ್ತೋ ಇಲ್ಲವೋ ಅನ್ನೋದು ನಿರ್ಧಾರ ಆಗುತ್ತೆ.

ಈಗ ನಿಮ್ಮ ಪತ್ರವನ್ನೇ ಮತ್ತೆ ಓದಿ ನೋಡಿ, ಉತ್ತರ ನೀವೇ ಬರೆದಿದ್ದೀರಿ. ಮಗ್ಗ ನಿಂತದ್ದು ಇಬ್ಬರಿಗೂ ಒಂದೇ. ಆದರೆ ತಮ್ಮನ ಹೆಂಡತಿ ಬ್ಲೌಸ್ ಹೊಲಿದು ವಾರಕ್ಕಿಷ್ಟು ಅಂತ ತರುತ್ತಾಳೆ, ಅವಳ ತವರಿನಲ್ಲಿ ಕಬ್ಬಿದೆ, ಬೇಕಾದರೆ ಅಲ್ಲಿಗೆ ದುಡಿಯೋಕೆ ಹೋಗುತ್ತೇನೆ ಅಂತ ತಮ್ಮ ಆಗಲೇ ಅಂದಿದ್ದಾನೆ. ನಿಮ್ಮ ಕಡೆ ಅದು ಯಾವುದೂ ಇಲ್ಲ. ನೀವು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ತರುತ್ತಿದ್ದ ದುಡ್ಡೂ ಮಗ್ಗದ ಜೊತೆಗೇ ನಿಂತಿತು. ಅದಕ್ಕಿಂತ ದೊಡ್ಡ ವ್ಯತ್ಯಾಸ ಇಬ್ಬರ ಮಾತಿನಲ್ಲಿದೆ. ತಮ್ಮ ಅಂದದ್ದು, "ಹಳೇ ಮಷೀನು, ಎಂದರ ಒಂದಿನ ನಿಲ್ಲೂವ ಇದ್ದವು". ಅಣ್ಣ ಅಂದದ್ದು, "ಅಪ್ಪ ಹಾಕಿದ ಮಗ್ಗ ನನ್ನ ಕೈಯಾಗ ನಿಂತ್ವು". ಒಬ್ಬರಿಗೆ ಕಬ್ಬಿಣ ಹೋಯಿತು, ಇನ್ನೊಬ್ಬರಿಗೆ ಅಪ್ಪನ ಮುಂದೆ ಮುಖ ಹೋಯಿತು. ಹಿರಿಯ ಮಗ ಆಗಿ ಹುಟ್ಟಿದ್ದಕ್ಕೆ ನಮ್ಮ ಕಡೆ ತೆರಬೇಕಾದ ಬೆಲೆ ಇದು. ಇದನ್ನು ಧೈರ್ಯ ಕಡಿಮೆ ಅನ್ನುವವರು ಆ ಜಾಗದಲ್ಲಿ ಎರಡು ದಿನ ನಿಂತು ನೋಡಲಿ.

ಇನ್ನೂ ಒಂದಿದೆ. ಹಿಲ್ ಅವರ ಲೆಕ್ಕವನ್ನು 1983ರಲ್ಲಿ ಮೆಕ್‌ಕಬಿನ್ ಮತ್ತು ಪ್ಯಾಟರ್ಸನ್ ಅನ್ನುವ ಇಬ್ಬರು ಮುಂದುವರಿಸಿದರು. ಸಂಸಾರಕ್ಕೆ ಪೆಟ್ಟು ಒಂದೊಂದೇ ಸರತಿಯಲ್ಲಿ ಬರಲ್ಲ, ಹಳೆಯದು ಆರುವ ಮೊದಲೇ ಇನ್ನೊಂದು ಬಂದು ಬೀಳುತ್ತೆ, ಹೀಗೆ ರಾಶಿ ಬೀಳುವುದೇ ಮನೆಯನ್ನು ಮುರಿಯುತ್ತೆ ಅಂದರು. ಮಗ್ಗ, ಆಮೇಲೆ ಲಕ್ವಾ, ಆಮೇಲೆ ಮಗಳ ಕಾಲೇಜಿನ ಫೀ. ಅತ್ತೆ ಇಬ್ಬರಿಗೂ ತಾಯಿಯೇ, ಆದರೆ ಹಾಸಿಗೆ ಇರುವುದು ನಿಮ್ಮ ಪಡಸಾಲೆಯಲ್ಲಿ, ಅಲ್ವಾ?

ಪೆಟ್ಟಿಗೆ ಅಂಕ ಕೊಟ್ಟವರೂ ಇದ್ದಾರೆ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಅನ್ನುವ ಅಮೆರಿಕದ ಮನೋವೈದ್ಯರು ಬದುಕಿನಲ್ಲಿ ಒತ್ತಡ ತರುವ 43 ಘಟನೆಗಳ ಪಟ್ಟಿ ಮಾಡಿದರು. ಗಂಡ ಅಥವಾ ಹೆಂಡತಿ ಸತ್ತರೆ 100, ವಿಚ್ಛೇದನಕ್ಕೆ 73, ಮದುವೆಗೇ 50! ನಮ್ಮ ದೇಶದ ಮನೋವೈದ್ಯರು 1984ರಲ್ಲಿ ನಮ್ಮದೇ 51 ಘಟನೆಗಳ ಪಟ್ಟಿ ತಯಾರಿಸಿದರು. ಅದರಲ್ಲಿ ಬೆಳೆಹಾನಿ, ದೊಡ್ಡ ಸಾಲ, ಮಗಳ ಮದುವೆ, ವರದಕ್ಷಿಣೆ ಜಗಳ ಎಲ್ಲ ಇವೆ. ಓದಿದರೆ ನಮ್ಮ ಓಣಿಯದೇ ಪಟ್ಟಿ ಅನಿಸುತ್ತೆ. ಆದರೆ ಇಂಥ ಅಂಕಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಒಂದೇ ಮನೆಯ ಅಣ್ಣ ತಮ್ಮಂದಿರಿಗೇ ಒಂದೇ ಪೆಟ್ಟು ಬೇರೆ ಬೇರೆ ತೂಕದಲ್ಲಿ ಬಿದ್ದಿದೆ, ಇನ್ನು ದೇಶಕ್ಕೆಲ್ಲ ಒಂದು ಅಂಕ ಹೇಗೆ ಹೊಂದುತ್ತೆ?

ಈಗ ಉಸಿರಾಟಕ್ಕೆ ಬರೋಣ. ನಿಮ್ಮ ಸಿಟ್ಟು ಮುಕ್ಕಾಲು ಪಾಲು ಸರಿ. 1978ರಲ್ಲಿ ಪ್ರಕಟವಾದ ಅಭ್ಯಾಸವೊಂದಕ್ಕೆ ಪರ್ಲಿನ್ ಮತ್ತು ಸ್ಕೂಲರ್ ಅನ್ನುವವರು ಶಿಕಾಗೋ ಸುತ್ತಮುತ್ತಲಿನ ಸುಮಾರು 2,300 ಜನರನ್ನು ಮಾತಾಡಿಸಿ, ಕಷ್ಟ ಬಂದಾಗ ಏನು ಮಾಡುತ್ತೀರಿ ಅಂತ ಕೇಳಿ, ಅದರಿಂದ ಎಷ್ಟು ಉಪಯೋಗ ಆಯಿತು ಅಂತ ಲೆಕ್ಕ ಹಾಕಿದರು. ಗಂಡ ಹೆಂಡತಿ ನಡುವೆ, ಮಕ್ಕಳ ವಿಷಯದಲ್ಲಿ, ಮನುಷ್ಯ ಸ್ವಂತವಾಗಿ ಮಾಡುವ ಪ್ರಯತ್ನ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಗೊತ್ತಾಯಿತು. ಅದೇ ದುಡಿಮೆಯ ಕಷ್ಟ ಬಂದರೆ ಒಬ್ಬನೇ ಎಷ್ಟು ಒದ್ದಾಡಿದರೂ ಉಪಯೋಗ ಬಹಳ ಕಡಿಮೆ. ಯಾಕೆಂದರೆ ಆ ಕಷ್ಟದ ಬೇರು ಅವನ ಮನಸ್ಸಿನಲ್ಲಿಲ್ಲ. ಸೂರತ್‌ನಿಂದ ಕಡಿಮೆ ರೇಟಿನ ಸೀರೆ ಬಂದು ಪೇಟೆ ತುಂಬಿದರೆ ಬನಹಟ್ಟಿಯ ನೇಕಾರ ಎಷ್ಟು ಧ್ಯಾನ ಮಾಡಿದರೂ ಮಜೂರಿ ಏರಲ್ಲ. ಅದಕ್ಕೆ ಸಂಘ ಬೇಕು, ಸಾಲದ ಗಡುವಿನ ಮಾತುಕತೆ ಬೇಕು, ಸರ್ಕಾರದ ಬಾಗಿಲು ಬಡಿಯೋದು ಬೇಕು.

ಉಳಿದ ಕಾಲು ಪಾಲಿಗೆ ನಮ್ಮ ಲೇಖಕರ ಪರ ನಿಲ್ಲುತ್ತೇನೆ. ಲ್ಯಾಜರಸ್ ಮತ್ತು ಫೋಕ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು 1984ರ ಪುಸ್ತಕದಲ್ಲಿ ನಿಭಾಯಿಸುವುದರಲ್ಲಿ ಎರಡು ಬಗೆ ಅಂದರು: ಸಮಸ್ಯೆಗೇ ಕೈ ಹಾಕುವುದು ಒಂದು, ಅದರಿಂದ ಆಗುವ ಸಂಕಟವನ್ನು ತಗ್ಗಿಸಿಕೊಳ್ಳುವುದು ಇನ್ನೊಂದು. ಅತ್ತೆಯ ಎಡಗೈಗೆ ಮೊದಲಿನ ಶಕ್ತಿ ಬರಲಿಕ್ಕಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ ಅಂದಿರಿ. ಅಲ್ಲಿ ಬದಲಾಯಿಸಲು ಏನೂ ಉಳಿದಿಲ್ಲ, ಸಂಕಟ ತಗ್ಗಿಸಿಕೊಳ್ಳುವುದೇ ದಾರಿ. ಭಜನೆಯೋ, ಉಸಿರಾಟವೋ, ಓಣಿಯ ಗೆಳತಿಯ ಮುಂದೆ ಅರ್ಧ ತಾಸು ಅಳುವುದೋ, ನಿಮಗೆ ಯಾವುದು ಒಗ್ಗುತ್ತೋ ಅದು. ನೂಲಿನ ಸಾಲಕ್ಕೆ ಅದೇ ಮದ್ದು ಹೇಳಿದ್ದು ನಮ್ಮ ಲೇಖನದ ಕೊರತೆ.

ಇನ್ನು ನಿಮ್ಮ ಸುದ್ದಿ. ನಾಲ್ಕು ಪುಟದ ಪತ್ರದಲ್ಲಿ ನಿಮ್ಮ ಬಗ್ಗೆ ಇರುವುದು ಎರಡೇ ಸಾಲು: ರೊಟ್ಟಿ ಬಡಿಯುವಾಗ ಅತ್ತೆ ಕೂಗಿದರೆ ಹಿಟ್ಟಿನ ಕೈಯಲ್ಲೇ ಓಡುತ್ತೀರಿ, ಬರುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿರುತ್ತೆ. ಬರೆದು, "ಇದೇನ್ ದೊಡ್ಡ ಮಾತಲ್ಲ ಬಿಡ್ರಿ" ಅಂತ ಸೇರಿಸಿದ್ದೀರಿ. ದೊಡ್ಡ ಮಾತೇ. ಇದೇ ಲ್ಯಾಜರಸ್ ಅವರ ತಂಡ 1981ರಲ್ಲಿ ತೋರಿಸಿದ್ದೇನಂದರೆ, ಎಂದೋ ಒಮ್ಮೆ ಬೀಳುವ ದೊಡ್ಡ ಪೆಟ್ಟಿಗಿಂತ ದಿನಾ ಆಗುವ ಇಂಥ ಸಣ್ಣ ಕಿರಿಕಿರಿಗಳೇ ಆಮೇಲಿನ ಮನಸ್ಸಿನ ತೊಂದರೆಗಳನ್ನು ಹೆಚ್ಚು ಸರಿಯಾಗಿ ಹೇಳುತ್ತವೆ. ಮೈಗೂ ತಟ್ಟುತ್ತೆ. 1995ರಲ್ಲಿ ಅಮೆರಿಕದಲ್ಲಿ, ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನಲ್ಲಿ ಮೂರೂವರೆ ಮಿಲಿಮೀಟರ್‌ನ ಸಣ್ಣ ಗಾಯ ಮಾಡಿ, ಆರಲು ಎಷ್ಟು ದಿನ ಬೇಕು ಅಂತ ನೋಡಿದರು. ಅಂಥ ಹೊರೆ ಇಲ್ಲದ ಅದೇ ವಯಸ್ಸಿನ 13 ಹೆಂಗಸರಿಗಿಂತ ಇವರಿಗೆ ಸರಾಸರಿ ಒಂಬತ್ತು ದಿನ ಜಾಸ್ತಿ ಬೇಕಾಯಿತು. ನೋಡಿದ್ದು ಕಡಿಮೆ ಜನರನ್ನೇ, ನಿಜ. ಆದರೂ ಸೇವೆ ಮಾಡುವವರ ಮೈ ಏನು ತೆರುತ್ತದೆ ಅನ್ನೋದು ಕಣ್ಣಿಗೆ ಕಾಣುತ್ತೆ.

ಹಾಗಾಗಿ ಮೈದುನನನ್ನು ಕೂರಿಸಿಕೊಂಡು ಮಾತಾಡಿ. ಅತ್ತೆಯ ರಾತ್ರಿಪಾಳಿ ವಾರದಲ್ಲಿ ಅರ್ಧ ಅವರದು. ಸಾಲದ ಚೀಟಿಗಳನ್ನೆಲ್ಲ ಇಬ್ಬರೂ ಅಣ್ಣ ತಮ್ಮ ಒಂದೇ ಕಡೆ ಹರವಿಕೊಂಡು ನೋಡಲಿ, ಸಾಹುಕಾರರ ಹತ್ತಿರವೂ ಇಬ್ಬರೂ ಹೋಗಲಿ. ಅಣ್ಣ ಒಬ್ಬರೇ ತಲೆ ಬಗ್ಗಿಸಿ ನಿಲ್ಲುವುದು ಬೇಡ. "ಆ ಮಗ್ಗ ಯಾರ ಕೈಯಾಗಿದ್ರೂ ನಿಲ್ಲತಿದ್ವು" ಅನ್ನುವ ಮಾತು ತಮ್ಮನ ಬಾಯಿಂದ ಬಂದರೆ ಅದರ ತೂಕವೇ ಬೇರೆ, ನೀವು ನೂರು ಸಲ ಹೇಳಿದರೂ ಅಷ್ಟು ತಾಗಲಿಕ್ಕಿಲ್ಲ.

ಡಾಕ್ಟರಿಗೂ ತೋರಿಸಿ. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಅಲ್ಲಿ ಆಗಲಿಲ್ಲ ಅಂದರೆ ಧಾರವಾಡದ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಹೋಗುವಾಗ ಮನೆಯವರು ಜೊತೆಗೆ ಹೋಗಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಅನ್ನುವವರು ರೋಗಿಗಳ ಮನೆಯವರಿಗೆ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರು. ರೋಗಿಗಳು ಬೇಗ ಚೇತರಿಸಿಕೊಂಡರು, ಮನೆಯವರಿಗೂ ಕಾಯಿಲೆ ಅರ್ಥವಾಯಿತು. ನಿಮ್ಮ ಮನೆಯಲ್ಲಿ ಜನಕ್ಕೇನೂ ಬರ ಇಲ್ಲ, ಅವರನ್ನು ಕೆಲಸಕ್ಕೆ ಹಚ್ಚಿ.

ನೇಕಾರರ ಸಾಲದ ಗಡುವು, ಬಡ್ಡಿ, ಸಹಕಾರ ಸಂಘದ ಯೋಜನೆಗಳ ಬಗ್ಗೆ ತಿಳಿದವರಿಂದ ಒಂದು ಲೇಖನ ಬರೆಸುತ್ತಿದ್ದೇವೆ. ನಿಮ್ಮ ಸಾಲ ಬ್ಯಾಂಕಿನದೋ, ಸಂಘದ್ದೋ, ಸಾಹುಕಾರರದೋ ಅಂತ ಪತ್ರದಲ್ಲಿ ಇಲ್ಲ, ಒಂದು ಕಾರ್ಡ್ ಹಾಕಿ ತಿಳಿಸಿ. 14416ಕ್ಕೆ ಮಾತ್ರ ಲೇಖನದ ದಾರಿ ಕಾಯದೆ ಇವತ್ತೇ ಫೋನ್ ಮಾಡಿ.

– ಸಂಪಾದಕ