ಆಸ್ಪತ್ರೆ ಟ್ಯಾಂಕಿಗೆ ಒಂದು ಹಿಡಿ ಪೌಡರ್ ಸಾಕಲ್ವಾ?

ಚಿತ್ರದುರ್ಗ ಜಿಲ್ಲೆಯ ಹಳ್ಳಿ ಆಸ್ಪತ್ರೆಗಳ ನೀರು ಪರೀಕ್ಷೆ ಮಾಡ್ತಾನೇ ನನ್ನ ತಲೆ ನೆರೆತಿದೆ. ಬರುವ ಪ್ರಶ್ನೆಗಳಿಗೆ ಮಾತ್ರ ವಯಸ್ಸೇ ಆಗಿಲ್ಲ. ಈ ಸಲ ಉತ್ತರ ಸ್ವಲ್ಪ ಖಾರ ಅನ್ನಿಸಿದರೆ ಸಹಿಸಿಕೊಳ್ಳಿ.

ನಾನು ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿದ್ದೇನೆ. ವಾರಕ್ಕೊಮ್ಮೆ ಟ್ಯಾಂಕಿಗೆ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಹಾಕಿಸುತ್ತೇವೆ. ಅಷ್ಟು ಸಾಕಲ್ವಾ? (ಚಳ್ಳಕೆರೆ ತಾಲ್ಲೂಕಿನ ಓದುಗರು)

ಯಾರ ಹಿಡಿ? ನಿಮ್ಮದೋ, ವಾಟರ್‌ಮನ್‌ದೋ? ಹಿಡಿ ಲೆಕ್ಕ ಅಕ್ಕಿಗೆ ಸರಿ, ಇದಕ್ಕಲ್ಲ. ದಿನಾ ಹೊಸ ನೀರು ತುಂಬುವ ಟ್ಯಾಂಕಿಗೆ ಸೋಮವಾರ ಹಾಕಿದ ಪೌಡರ್ ಗುರುವಾರದ ನೀರನ್ನು ಕಾಯುತ್ತಾ? ತುಂಬಿಸಿದಾಗಲೆಲ್ಲ ಹಾಕಬೇಕು.

ಸಾವಿರ ಲೀಟರ್ ತಿಳಿನೀರಿಗೆ, 33 ಪರ್ಸೆಂಟ್ ಕ್ಲೋರಿನ್ ಇರುವ ಪೌಡರ್ ಆದರೆ ಸುಮಾರು 3 ಗ್ರಾಂನಿಂದ ಶುರು ಮಾಡಿ. ನೇರ ಸುರಿಯಬೇಡಿ. ಬಕೆಟ್‌ನಲ್ಲಿ ಕಲಸಿ, ನೀರು ಬೆರೆಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತೆ. ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ನಲ್ಲಿ ಮುಟ್ಟಬೇಡಿ. ಆಮೇಲೆ ಕ್ಲೋರೋಸ್ಕೋಪ್ ಹಿಡಿಯಿರಿ, ಅಂದರೆ ನೀರಲ್ಲಿ ಕ್ಲೋರಿನ್ ಎಷ್ಟು ಉಳಿದಿದೆ ಅಂತ ಟ್ಯೂಬಿನ ಹಳದಿ ಬಣ್ಣದಿಂದ ತೋರಿಸುವ ಕಿಟ್. ಉಳಿದ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ಇರಬಾರದು ಅಂತ ನಿಯಮ. ಆಸ್ಪತ್ರೆಯಲ್ಲಿ ನಾನು 0.5 ಕೇಳುತ್ತೇನೆ. ಕಡಿಮೆ ಬಂದರೆ ಪೌಡರ್ ಹೆಚ್ಚಿಸಿ. ಬಾಯಿ ಬಿಚ್ಚಿದ ಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಪೌಡರ್ ಬೇಡವೇ ಬೇಡ. ಅದರ ಕ್ಲೋರಿನ್ ಗಾಳಿಗೆ ಹೋಗಿ, ಉಳಿದಿರೋದು ಹೆಚ್ಚುಕಡಿಮೆ ಬರೀ ಸುಣ್ಣ.

ಯಾವ ನಲ್ಲಿಯಲ್ಲಿ ನೋಡಬೇಕು ಅನ್ನೋದೇ ಮುಖ್ಯ. ಒಂದು ಆಸ್ಪತ್ರೆಯಲ್ಲಿ ನನಗೆ ಟ್ಯಾಂಕಿನ ಪಕ್ಕದ ನಲ್ಲಿ ತೋರಿಸಿದರು. ಟ್ಯೂಬ್ ಚೆನ್ನಾಗಿ ಹಳದಿ ಆಯ್ತು, ಎಲ್ಲರ ಮುಖದಲ್ಲೂ ನಗು. ಹೆರಿಗೆ ಕೋಣೆಗೆ ಹೋಗಿ ಅಲ್ಲಿನ ನಲ್ಲಿ ತಿರುಗಿಸಿದೆ. ಟ್ಯೂಬ್ ಬಣ್ಣವೇ ಬದಲಾಗಲಿಲ್ಲ. ಆ ಕೋಣೆಗೆ ಬೇರೆಯೇ ಸಣ್ಣ ಟ್ಯಾಂಕು ಅಂತ ಆಗ ಗೊತ್ತಾಯ್ತು. ಏಣಿ ಹತ್ತಿ ನೋಡಿದರೆ ಮುಚ್ಚಳ ಇಲ್ಲ. ಹಳೇ ಚುನಾವಣೆ ಫ್ಲೆಕ್ಸು ಹೊದಿಸಿ ಕಲ್ಲು ಹೇರಿದ್ದರು. ನೀರಿನ ಮೇಲೆ ಪಾರಿವಾಳದ ಗರಿ ತೇಲುತ್ತಿತ್ತು. ನರ್ಸ್ ಪಾಪ ಅದೇ ನೀರಲ್ಲಿ ಕೈ ತೊಳೆದು ಹೆರಿಗೆ ಮಾಡಿಸುತ್ತಿದ್ದರು. ಅವತ್ತಿಂದ ನಾನು ಯಾವ ಆಸ್ಪತ್ರೆಗೆ ಹೋದರೂ ಮೊದಲು ಹೆರಿಗೆ ಕೋಣೆ, ಆಮೇಲೆ ಟೀ.

ಇನ್ನು ಕರೆಂಟ್ ಹೋದರೆ ಬೋರ್ ನಿಂತಿತು, ನೀರೂ ನಿಂತಿತು. ಹೊರರೋಗಿಗೆ ತಲಾ 5 ಲೀಟರ್, ಒಳರೋಗಿಗೆ ದಿನಕ್ಕೆ 40ರಿಂದ 60, ಒಂದು ಹೆರಿಗೆಗೆ 100 ಲೀಟರ್ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ದಿನಕ್ಕೆ 60 ಹೊರರೋಗಿ, 4 ಒಳರೋಗಿ, 2 ಹೆರಿಗೆ ಅಂದರೂ 700 ಲೀಟರ್ ಆಯ್ತು. ಎರಡು ದಿನದ ನೀರು ಯಾವಾಗಲೂ ಮೇಲೆ ಇರಲಿ. 500 ಲೀಟರಿನ ಟ್ಯಾಂಕು ಕೂರಿಸಿ ಫೋಟೋ ತೆಗೆಸಿಕೊಂಡರೆ ಸಾಲಲ್ಲ. ಸೋಲಾರ್ ಪಂಪ್ ಬೇಡ ಅನ್ನಲ್ಲ. ಆದರೆ ನನ್ನ ಕೇಳಿದರೆ ಮೊದಲು ದೊಡ್ಡ ಟ್ಯಾಂಕು, ಗಟ್ಟಿ ಮುಚ್ಚಳ.

ಕುದಿಸಿದರೆ ಬೋರ್ ನೀರಿನ ಫ್ಲೋರೈಡ್ ಹೋಗುತ್ತಾ? (ಹಿರಿಯೂರು)

ಇಲ್ಲ. ನೀರು ಆವಿಯಾಗಿ, ಉಳಿದ ನೀರಲ್ಲಿ ಫ್ಲೋರೈಡ್ ಪ್ರಮಾಣ ಇನ್ನೂ ಹೆಚ್ಚುತ್ತೆ. ಕ್ಲೋರಿನ್‌ಗೂ ಅದು ಜಗ್ಗಲ್ಲ. ಆರ್‌ಒ ಥರದ ಫಿಲ್ಟರ್ ಬೇಕು.

ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಫ್ಲೋರೈಡ್ ಓಡಿಹೋಗುತ್ತೆ ಅಂತ ಒಬ್ಬರು ಮಾರೋಕೆ ಬಂದಿದ್ದಾರೆ. ಆಸ್ಪತ್ರೆಗೆ ಹಾಕಿಸೋಣವಾ? (ಜಗಳೂರು)

ಹಾಕಿಸೋ ಮುಂಚಿನ ನೀರು, ಹಾಕಿಸಿದ ಮೇಲಿನ ನೀರು, ಎರಡನ್ನೂ ಲ್ಯಾಬಿಗೆ ಕೊಡಿ, ರಿಪೋರ್ಟ್ ಬಂದ ಮೇಲೆ ದುಡ್ಡು ಅನ್ನಿ. ಅವರು ಮತ್ತೆ ಬಂದರೆ ನನಗೂ ತಿಳಿಸಿ.

ದಿನಾ ಫಿನಾಯಿಲ್ ಹಾಕಿ ಒರೆಸುತ್ತೇವೆ, ಆದರೂ ತಪಾಸಣೆಯಲ್ಲಿ ಅಂಕ ಕಡಿಮೆ ಬಂತು. (ಹೊಸದುರ್ಗ)

ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಶೌಚಾಲಯ ಒರೆಸಿ ವಾರ್ಡಿಗೆ ಬಂದರೆ ಫಿನಾಯಿಲ್ ವಾಸನೆ ಬರುತ್ತೆ, ಅಷ್ಟೆ. ಬಕೆಟ್ ಮೂರು ಇರಲಿ, ಬಟ್ಟೆ ಬೇರೆ ಬೇರೆ ಇರಲಿ.

ರೋಗಿಗಳ ಶೌಚಾಲಯ ಗಲೀಜಾಗುತ್ತೆ ಅಂತ ಬೀಗ ಹಾಕಿದ್ದೇವೆ. (ಹೊಳಲ್ಕೆರೆ)

ಬೀಗ ತೆಗೀರಿ. ಒಳಗೆ ನಲ್ಲಿ ಇದೆಯಾ ನೋಡಿ.

ಆಸ್ಪತ್ರೆ ಬೋರಿಗೆ ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡಿಸಿದ್ದೇವೆ, ಸರಿಯಿರುತ್ತಾ? (ಮೊಳಕಾಲ್ಮೂರು)

ಕಾಯಿ ಚಟ್ನಿಗೆ ಆಗುತ್ತೆ. ಪಾಯಿಂಟಿಗೆ ಭೂವಿಜ್ಞಾನಿಯನ್ನು ಕರೆಸಿ.