ತಾರಸಿಯಲ್ಲಿ ಬೆಕ್ಕಿನ ಮರಿ: ಮೊದಲು ತಾಯಿಯನ್ನು ನೋಡಿ, ಆಮೇಲೆ ಮರಿ ಎತ್ತಿ

ಮೇಡಂ, ನಮ್ಮ ತಾರಸಿ ತೋಟದ ಗುಂಪಿನಲ್ಲಿ ನೀವು ಕೇಳಿದ ಪ್ರಶ್ನೆ ಇಷ್ಟು: ತಾರಸಿಯಲ್ಲಿ ಖಾಲಿ ಗ್ರೋ ಬ್ಯಾಗ್‌ಗಳ ಹಿಂದೆ ಬೀದಿಬೆಕ್ಕು ನಾಲ್ಕು ಮರಿ ಹಾಕಿದೆ, ಈಗಷ್ಟೇ ಕಣ್ಣು ಬಿಡುತ್ತಿವೆ, ಬೆಳಗಿನಿಂದ ತಾಯಿ ಕಂಡಿಲ್ಲ, ಒಳಗೆ ತಂದು ಹಸುವಿನ ಹಾಲು ಕುಡಿಸಿ ಬೇಕಾದವರಿಗೆ ಕೊಡಬಹುದಾ ಅಂತ. ಆಗಲೇ ಮೂವರು "ನನಗೊಂದು" ಅಂದಿದ್ದಾರೆ. ಸದ್ಯಕ್ಕೆ ಯಾರಿಗೂ ಮಾತು ಕೊಡಬೇಡಿ, ಮರಿಗಳನ್ನು ಎತ್ತಲೂಬೇಡಿ.

ಈಗ ಕಣ್ಣು ಬಿಡುತ್ತಿವೆ ಅಂದರೆ ವಯಸ್ಸು 7ರಿಂದ 14 ದಿನ. ತಾಯಿ ಹೊಟ್ಟೆಪಾಡಿಗೆ ಹೋಗಿ ನಾಲ್ಕೈದು ಗಂಟೆ ಬಾರದಿರುವುದು ಮಾಮೂಲು. ನೀವು ಅಲ್ಲೇ ನಿಂತಿದ್ದರೆ ಬಂದದ್ದೂ ತಿರುಗಿ ಹೋಗುತ್ತದೆ. ಮರಿಗಳ ಸುತ್ತ ತೆಳ್ಳಗೆ ಒಂದು ಗೆರೆ ಗೋಧಿಹಿಟ್ಟು ಉದುರಿಸಿ ಕೆಳಗಿಳಿದು ಬನ್ನಿ. ಕೆಲವು ಗಂಟೆ ಬಿಟ್ಟು ನೋಡಿದರೆ ಹೆಜ್ಜೆಗುರುತೇ ಉತ್ತರ ಹೇಳುತ್ತದೆ. ಮರಿಗಳ ಹೊಟ್ಟೆ ದುಂಡಗಿದ್ದು, ಒಂದರ ಮೇಲೊಂದು ಸುಮ್ಮನೆ ಮಲಗಿದ್ದರೆ ತಾಯಿ ಹಾಲೂಡಿಸುತ್ತಿದೆ ಎಂದೇ ಅರ್ಥ. ಎಡೆಬಿಡದೆ ಅರಚುತ್ತಿದ್ದರೆ, ಮೈ ತಣ್ಣಗಿದ್ದರೆ, ಇರುವೆ ಮುತ್ತಿದ್ದರೆ ಮಾತ್ರ ಕಾಯಬೇಡಿ. ಮನುಷ್ಯರ ವಾಸನೆ ತಾಗಿದರೆ ತಾಯಿ ಮರಿ ಬಿಟ್ಟುಬಿಡುತ್ತದೆ ಅನ್ನುವ ಮಾತು ನಿಜವಲ್ಲ. ಆದರೆ ಪದೇ ಪದೇ ಹೋಗಿ ನೋಡಿದರೆ ಅದು ಒಂದೊಂದಾಗಿ ಜಾಗ ಬದಲಿಸುತ್ತದೆ, ಆ ಓಡಾಟದಲ್ಲಿ ಒಂದೆರಡು ಮರಿ ಕಳೆದುಹೋಗುವುದುಂಟು.

ತಾಯಿ ಬಂದರೆ ನಿಮ್ಮ ಕೆಲಸ ಕಡಿಮೆ. ಬಿಸಿಲು, ಮಳೆ ತಾಗದಂತೆ ಒಂದು ರಟ್ಟಿನ ಡಬ್ಬಿ ಅಡ್ಡ ಮಲಗಿಸಿ, ಊಟ, ನೀರನ್ನು ಮರಿಗಳಿಂದ ಹತ್ತು ಹದಿನೈದು ಅಡಿ ದೂರ ಇಡಿ. ಹತ್ತಿರ ಇಟ್ಟರೆ ಗಂಡು ಬೆಕ್ಕುಗಳು ವಾಸನೆ ಹಿಡಿದು ಬರುತ್ತವೆ, ಮರಿ ಕೊಲ್ಲುವುದೂ ಉಂಟು. ಇದು ತೋಟದ ಗುಂಪಾದ್ದರಿಂದ ಇನ್ನೊಂದು ಮಾತು: ತಾರಸಿಯಲ್ಲಿ ಬಸವನಹುಳುವಿಗೆ ಹಾಕುವ ಗುಳಿಗೆ, ಇಲಿ ಪಾಷಾಣ ಇದ್ದರೆ ಇವತ್ತೇ ತೆಗೆಯಿರಿ. ನೆಲಕ್ಕೆ ಫಿನಾಯಿಲ್ ಕೂಡ ಬೇಡ, ಅದು ಬೆಕ್ಕಿಗೆ ವಿಷ.

ತಾಯಿ ಬಾರದೇ ಹೋದರೆ ಮೊದಲು ಬೇಕಾದ್ದು ಹಾಲಲ್ಲ, ಶಾಖ. ತಣ್ಣಗಾದ ಮರಿಗೆ ಹಾಲು ಜೀರ್ಣವಾಗುವುದಿಲ್ಲ, ಕುಡಿಸಿದರೆ ಸಾಯುತ್ತದೆ. ಬಹಳಷ್ಟು ಮರಿಗಳು ಹೋಗುವುದು ಇಲ್ಲೇ. ಬಾಟಲಿಗೆ ಬಿಸಿನೀರು ತುಂಬಿಸಿ ದಪ್ಪ ಬಟ್ಟೆ ಸುತ್ತಿ ಡಬ್ಬಿಯ ಒಂದು ಮಗ್ಗುಲಲ್ಲಿ ಮಾತ್ರ ಇಡಿ, ಸೆಕೆಯಾದರೆ ಮರಿ ಆಚೆ ಸರಿಯಲು ಜಾಗ ಇರಲಿ. ಮೈ ಬೆಚ್ಚಗಾಗಿ, ಬಾಯಲ್ಲಿ ಬೆರಳಿಟ್ಟರೆ ಚೀಪುವಂತಾದ ಮೇಲೆ ಹಾಲು.

ಹಸುವಿನ ಹಾಲು ಬೇಡ. ಅದರಲ್ಲಿ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಹೆಚ್ಚು, ಅದರಿಂದ ಭೇದಿಯಾಗುತ್ತದೆ, ಬೆಕ್ಕಿನ ಮರಿಗೆ ಬೇಕಾದಷ್ಟು ಪ್ರೋಟೀನ್, ಕೊಬ್ಬು ಇಲ್ಲ. ಭೇದಿ ಶುರುವಾದರೆ ಇಷ್ಟು ಚಿಕ್ಕ ಮರಿ ಒಂದೇ ದಿನದಲ್ಲಿ ನೀರಿನಂಶ ಕಳೆದುಕೊಂಡು ಹೋಗಿಬಿಡುತ್ತದೆ. ಪೆಟ್ ಅಂಗಡಿಯಲ್ಲಿ ಬೆಕ್ಕಿನ ಮರಿಗೆಂದೇ ಹಾಲಿನ ಪುಡಿ ಸಿಗುತ್ತದೆ, ಡಬ್ಬಿಯ ಮೇಲಿರುವ ಅಳತೆಯಲ್ಲೇ ಕಲಸಿ. ಅಂಗಡಿ ಮುಚ್ಚಿದ್ದರೆ ಒಂದು ರಾತ್ರಿಯ ಮಟ್ಟಿಗೆ ಆಡಿನ ಹಾಲು ನಡೆಯುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ ನೋಡಿ: ಒಂದು ಸಲಕ್ಕೆ 100 ಗ್ರಾಂ ತೂಕಕ್ಕೆ 4 ಮಿಲಿ ಮೀರಬಾರದು, ಅಂದರೆ 200 ಗ್ರಾಂ ಮರಿಗೆ ಹೆಚ್ಚೆಂದರೆ 8 ಮಿಲಿ, ಮೂರು ಗಂಟೆಗೊಮ್ಮೆ, ರಾತ್ರಿಯೂ. ಮರಿಯನ್ನು ಮಗುವಿನಂತೆ ಅಂಗಾತ ಹಿಡಿಯಬೇಡಿ. ತಾಯಿಯ ಮೊಲೆ ಚೀಪುವಾಗ ಇರುವಂತೆ ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ ಇರಲಿ. ಸಿರಿಂಜ್ ಒತ್ತಿ ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮೂಗಿನಲ್ಲಿ ಹಾಲು ಬಂತೆಂದರೆ ತಕ್ಷಣ ನಿಲ್ಲಿಸಿ. ಪ್ರತಿ ಸಲ ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಬೇಕು. ತಾಯಿ ನೆಕ್ಕದಿದ್ದರೆ ಮೂರು ವಾರದವರೆಗೆ ಮರಿ ತಾನಾಗಿ ಮೂತ್ರ ಮಾಡುವುದಿಲ್ಲ. ತೂಕ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಒಂದು ದಿನ ನಿಂತರೂ ಪಶುವೈದ್ಯರ ಹತ್ತಿರ ಹೋಗಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಆಸ್ಪತ್ರೆ ಇದೆ.

ಚಿಗಟ ಕಂಡರೆ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ ಸೋಪುನೀರಿಗೆ ಹಾಕಿ. ನಾಯಿಯ ಚಿಗಟದ ಔಷಧಿ ಮಾತ್ರ ಹಚ್ಚಬೇಡಿ, ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕು ಉಳಿಯುವುದಿಲ್ಲ. ಮೈ ಬಿಸಿಯಿದೆ ಅಂತ ಪ್ಯಾರಾಸಿಟಮಾಲ್ ಕೊಡುವುದೂ ಅಷ್ಟೇ.

ನಾಲ್ಕನೇ ವಾರದಿಂದ ಮೆತ್ತಗಿನ ಊಟ ಶುರುಮಾಡಿ, ಮಲಮೂತ್ರಕ್ಕೆಂದು ತಟ್ಟೆಯಲ್ಲಿ ಮರಳೋ ಚೂರು ಕಾಗದವೋ ಹಾಕಿಡಿ. ಅಂಗಡಿಯಲ್ಲಿ ಸಿಗುವ, ಒದ್ದೆಯಾದರೆ ಗಟ್ಟಿಕಟ್ಟುವ ಲಿಟರ್ (ಬೆಕ್ಕಿನ ತಟ್ಟೆಗೆ ಹಾಕುವ ಹರಳು) ಈಗಲೇ ಬೇಡ, ಮರಿ ತಿಂದರೆ ಕರುಳು ಕಟ್ಟಿಕೊಳ್ಳುತ್ತದೆ. ಜಂತು ಔಷಧಿ ತೂಕ ನೋಡಿ ವೈದ್ಯರೇ ಕೊಡಲಿ. ಬೆಕ್ಕಿನ ಮೂರು ವೈರಸ್ ರೋಗಗಳಿಗೆ ಒಟ್ಟಿಗೇ ಕೊಡುವ ಲಸಿಕೆ ಸುಮಾರು 8ನೇ ವಾರಕ್ಕೆ, ಮತ್ತೆ 3–4 ವಾರಕ್ಕೊಮ್ಮೆ 16 ವಾರದವರೆಗೆ. ರೇಬೀಸ್‌ನದು 12ನೇ ವಾರಕ್ಕೆ. ಮರಿಗಳು ಪರಚಿದರೂ ಕಚ್ಚಿದರೂ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಇಲ್ಲಿ ಯಾರೂ ಕೇಳದ ಪ್ರಶ್ನೆ ತಾಯಿಯದು. ಮರಿಗಳಿಗೆ ಮನೆ ಸಿಕ್ಕಿ ತಾಯಿ ಹಾಗೇ ಉಳಿದರೆ ಎರಡು ಮೂರು ತಿಂಗಳಲ್ಲಿ ಅದೇ ಮೂಲೆಯಲ್ಲಿ ಇನ್ನೊಂದು ಸೂಲು. ಗರ್ಭ ಸುಮಾರು 63–65 ದಿನ, ಹಾಲೂಡಿಸುತ್ತಿರುವಾಗಲೇ ಬೆದೆಗೆ ಬಂದು ಗಬ್ಬವಾಗಬಲ್ಲದು. ಮರಿಗಳು ತಾವೇ ತಿನ್ನಲು ಕಲಿತ ಮೇಲೆ ತಾಯಿಗೆ ಮತ್ತೆ ಮರಿಯಾಗದಂತೆ ಆಪರೇಷನ್ ಮಾಡಿಸಿ. ಪ್ರಾಣಿದಯಾ ಸಂಸ್ಥೆಗಳು ಬೋನು ಕೊಡುತ್ತವೆ. ಮೂರ್ನಾಲ್ಕು ದಿನ ಬಾಗಿಲು ಮುಚ್ಚದಂತೆ ತೆರೆದು ಕಟ್ಟಿಟ್ಟು ಬೋನಿನೊಳಗೇ ಊಟ ಹಾಕಿ ಅಭ್ಯಾಸ ಮಾಡಿಸಿ, ಹಿಡಿಯುವ ದಿನ ಒಣಮೀನೋ ಬೂತಾಯಿಯೋ ಇಡಿ. ಬಿದ್ದ ಕೂಡಲೇ ಬಟ್ಟೆ ಮುಚ್ಚಿದರೆ ಗಾಬರಿ ಇಳಿಯುತ್ತದೆ. ಅರಿವಳಿಕೆಯಲ್ಲಿರುವಾಗಲೇ, ಆಪರೇಷನ್ ಆದ ಗುರುತಿಗೆ ಕಿವಿಯ ತುದಿ ಕತ್ತರಿಸಲು ಹೇಳಿ, ಇಲ್ಲದಿದ್ದರೆ ಇನ್ನೊಬ್ಬರು ಅದನ್ನೇ ಮತ್ತೆ ಹಿಡಿದು ಕೊಯ್ಯಿಸುತ್ತಾರೆ.

ಇನ್ನು "ನನಗೊಂದು" ಅಂದವರಿಗೆ. 8 ವಾರಕ್ಕೆ ಮೊದಲು ಸಿಗುವುದಿಲ್ಲ. ಒಂದಕ್ಕಿಂತ ಎರಡು ಒಯ್ಯುವುದು ಸುಲಭ, ಒಂಟಿ ಮರಿ ರಾತ್ರಿಯಿಡೀ ನಿಮ್ಮ ಕಾಲು ಕಚ್ಚುತ್ತದೆ. ಮನೆಯಲ್ಲಿ ಮಾಂಸ ತರುವುದಿಲ್ಲ ಅನ್ನುವವರು ಮೊದಲೇ ಹೇಳಿ. ಹಾಲು ಅನ್ನದಲ್ಲಿ ಬೆಕ್ಕು ಬದುಕುವುದಿಲ್ಲ, ಮಾಂಸ, ಮೀನಿನಿಂದ ಸಿಗುವ ಟಾರಿನ್ ಎಂಬ ಪೋಷಕಾಂಶ ಇಲ್ಲದೆ ಕಣ್ಣೂ ಹೃದಯವೂ ಕೆಡುತ್ತವೆ. ಪ್ಯಾಕೆಟ್ ಆಹಾರ ತರಲು ಒಪ್ಪುವುದಾದರೆ ತೊಂದರೆ ಇಲ್ಲ, ಆದರೆ ಅದರಲ್ಲೂ ಮೀನು, ಕೋಳಿ ಇರುತ್ತದೆ. ನಾಯಿಯ ಆಹಾರ ಅದಕ್ಕೆ ಬದಲಿಯಲ್ಲ. ಬಾಲ್ಕನಿಗೆ ಪಾರಿವಾಳದ ನೈಲಾನ್ ಬಲೆ ಇದೆ ಅಂದರೆ ಸಾಲದು, ಅದನ್ನು ಕಡಿದು ಹೊರಬೀಳುತ್ತವೆ. ಸಣ್ಣ ಕಣ್ಣಿನ ತಂತಿ ಜಾಲರಿ ಬೇಕು. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿದ್ದೀರಾ? ಹಬ್ಬಕ್ಕೆ ಊರಿಗೆ ಹೋದರೆ ನೋಡಿಕೊಳ್ಳುವವರು ಯಾರು? ಸಾಕಿದ್ದನ್ನು ಬೀದಿಗೆ ಬಿಟ್ಟು ಉಪವಾಸ ಕೆಡವುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಒಯ್ಯುವಾಗ ಲಸಿಕೆ ಪುಸ್ತಕ, ಈಗ ತಿನ್ನುತ್ತಿರುವ ಆಹಾರ ಒಂದು ವಾರಕ್ಕಾಗುವಷ್ಟು, ಮಲಗುತ್ತಿದ್ದ ಬಟ್ಟೆ ಜೊತೆಗೆ ಕೊಡಿ. ಮೊದಲ ವಾರ ಒಂದೇ ಕೋಣೆಯಲ್ಲಿರಲಿ. ಮಂಚದಡಿ ಸೇರಿಕೊಂಡರೆ ಎಳೆಯದೆ ಊಟವನ್ನು ಅಲ್ಲಿಗೇ ಸರಿಸಿ. ಒಂದು ಇಡೀ ದಿನ ಏನೂ ತಿನ್ನದಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.